ಡಬ್ಬಿಯಲ್ಲಿಟ್ಟ ಧೂಳು

ಹಳೇ ರೇಡಿಯೋದ ಸ್ಪೀಕರಿನ ಬೆನ್ನ ಮೇಲೆ ಮಾರ್ಚ್ ನಲವತ್ತೇಳು ಅಂತ ಮುದ್ರೆ ಇತ್ತು. ಬೆಳಿಗ್ಗೆ ನೋಡಿದ್ದು. ಮಧ್ಯಾಹ್ನವಾದರೂ ಅದು ಪ್ರೆಬೆನ್‌ನ ಕಣ್ಣ ಮುಂದಿಂದ ಹೋಗಿರಲಿಲ್ಲ. ಕಾರು ಬಂದರಿನ ಮಂಜುಗಡ್ಡೆ ಗೋದಾಮಿನ ಗೋಡೆ ಕಡೆ ಹೊರಟಿದೆ ಅನ್ನೋದು ಅವನಿಗೆ ಗೊತ್ತಾಗಿದ್ದು, ಗೋಡೆ ಮೇಲೆ ಯಾರೋ ಗೀಚಿದ್ದ ಬೈಗುಳ ಓದೋಕೆ ಬರೋವಷ್ಟು ಹತ್ತಿರ ಹೋದ ಮೇಲೆ. ಡ್ರೈವಿಂಗ್ ಹೇಳಿಕೊಡೋನ ಕಡೆಗೆ ಅಂತ ಇರೋ ಎರಡನೇ ಬ್ರೇಕನ್ನ ಒತ್ತಿದ. ಕಾರು ನಿಂತಿತು. ಗೋಡೆ ಮೇಲೆ ಕೂತಿದ್ದ ಕಡಲಹಕ್ಕಿ ಎದ್ದು ಹೋಗೋ ಕಷ್ಟ ಕೂಡ ತಗೊಳ್ಳಲಿಲ್ಲ.

"ನೀವೇನೂ ಹೇಳ್ಲಿಲ್ಲ, ಅದಕ್ಕೆ ಸರಿಯಾಗೇ ಹೋಗ್ತಿದೀನಿ ಅಂದ್ಕೊಂಡೆ," ಅಂದಳು ಸ್ಟೀರಿಂಗ್ ಹಿಡಿದಿದ್ದ ಉಲ್ಲ. ಔಷಧಿ ಅಂಗಡೀಲಿ ಕೆಲಸ ಮಾಡೋ ಹೆಂಗಸು, ನಲವತ್ತು ದಾಟಿದ ಮೇಲೆ ಕಲಿಯೋಕೆ ಬಂದವಳು.

"ಗೋಡೆ ಕಾಣಿಸ್ಲಿಲ್ವಾ ನಿಮಗೆ?"

"ಕಾಣಿಸ್ತು. ನೀವು ಏನೋ ಯೋಚ್ನೆ ಮಾಡಿರ್ತೀರಿ ಅಂತ ಬಿಟ್ಟೆ."

ಇದೇ ತೊಂದರೆ ಅನ್ನಿಸ್ತು ಪ್ರೆಬೆನ್‌ಗೆ. ಸುಮ್ಮನೆ ಕೂತರೆ ಜನ ಅದನ್ನ ಒಪ್ಪಿಗೆ ಅಂದ್ಕೊತಾರೆ. ಉಲ್ಲ ಗಾಡಿ ಹಿಂದಕ್ಕೆ ತೆಗೀತಾ, "ನೀವು ಹುಟ್ಟಿದ ಕತೆ ಹೇಳಿ, ಅದು ಕೇಳ್ತಿದ್ರೆ ನನಗೆ ರಿವರ್ಸು ಚೆನ್ನಾಗಿ ಬರುತ್ತೆ," ಅಂದಳು. ಅವಳೇನೂ ಹೊಸದಾಗಿ ಕೇಳಿದ್ದಲ್ಲ. ಡೆನ್ಮಾರ್ಕಿನ ಲಿಮ್ ಫ್ಯೋರ್ಡ್ ಅನ್ನೋ ಕಡಲತೋಳಿನ ಈ ದಂಡೆಯ ಅರ್ಧ ಜನ ಗಾಡಿ ಹಿಂದಕ್ಕೆ ತೆಗೆಯೋದನ್ನ ಕಲಿತಿದ್ದೇ ಆ ಕತೆ ಕೇಳ್ತಾ. ಕತೆ ಇಷ್ಟು. ನಲವತ್ತೈದನೇ ಇಸವಿ ಮೇ ನಾಲ್ಕರ ಸಂಜೆ, ಹಾರ್ಬೋ ಊರಿನ ಬಡಗಿ ಥೋರ್ಕಿಲ್‌ನ ಮನೆಯ ಮುಂದಿನ ಕೋಣೆಯಲ್ಲಿ ಜನ ಲಂಡನ್ನಿಂದ ಬರೋ ಡೇನಿಷ್ ವಾರ್ತೆ ಕೇಳೋಕೆ ಕೂತಿದ್ದರು. ಪಕ್ಕದ ಮನೆಯ ಬಸುರಿಯೂ ಬಂದಿದ್ದಳು, ಗಂಡ ಮೀನಿನ ದೋಣಿ ಮೇಲೆ ಹೋಗಿದ್ದ. ವಾರ್ತೆ ಓದುತ್ತಿದ್ದವನು ಮಧ್ಯದಲ್ಲಿ ನಿಲ್ಲಿಸಿದ. ಮೌನ. ಆಮೇಲೆ, ಜರ್ಮನರು ಶರಣಾದರು ಅಂದ. ಆ ಮಾತಿನ ಬೆನ್ನಿಗೇ, ಅದೇ ಉಸಿರಿನಲ್ಲಿ ಅನ್ನೋ ಹಾಗೆ, ಕೋಣೆಯೊಳಗೆ ಒಂದು ಮಗು ಅತ್ತಿತು. ಆ ಮಗು ಪ್ರೆಬೆನ್. ಊರಿಗೆ ಸ್ವಾತಂತ್ರ್ಯವೂ ಪ್ರೆಬೆನ್ನೂ ಒಂದೇ ಸಲ ಬಂದದ್ದು, ಎರಡರಲ್ಲಿ ಯಾವುದು ಹೆಚ್ಚು ತೂಕ ಇತ್ತು ಅಂತ ಕೇಳಿದರೆ ಅವನ ಅಮ್ಮ ಸೊಂಟ ಹಿಡ್ಕೊಂಡು ನಗ್ತಿದ್ದಳು. ಈ ಕತೆಯನ್ನ ಅವನು ಸಾವಿರ ಸಲ ಹೇಳಿದ್ದ, ಇವತ್ತು ಹೇಳೋವಾಗ ಮೊದಲನೇ ಸಲ ಬಾಯೊಳಗೆ ತನ್ನ ನಾಲಿಗೆ ಇದೆ ಅಂತ ಅವನಿಗೆ ಗೊತ್ತಾಯ್ತು. ಬೇರೆಯವರ ಹಲ್ಲು ಕಟ್ಟಿಸ್ಕೊಂಡ ಹಾಗೆ. ಉಲ್ಲ ಗಾಡಿಯನ್ನ ನೆಟ್ಟಗೆ ಹಿಂದಕ್ಕೆ ತಂದು ನಿಲ್ಲಿಸಿದಳು.

ಆ ಮುಂದಿನ ಕೋಣೆಯನ್ನ ಅವನು ಚೆನ್ನಾಗಿ ಬಲ್ಲ. ಒಂದು ಸೋಫಾ ಹಾಕಿದರೆ ಒಂದೂವರೆ ಮನುಷ್ಯರಿಗೆ ಜಾಗ. ಆದರೂ ಆ ಸಂಜೆ ಅಲ್ಲಿ ನಾನೂ ಇದ್ದೆ ಅನ್ನೋರನ್ನ ಇವತ್ತು ಒಟ್ಟು ಸೇರಿಸಿದರೆ ಹಾರ್ಬೋ ಚರ್ಚಿನ ಎರಡೂ ಸಾಲು ತುಂಬಿ, ಮಿಕ್ಕವರು ಗೋರಿಗಳ ಮೇಲೆ ಕೂರಬೇಕಾಗ್ತಿತ್ತು. ಪ್ರತಿ ವರ್ಷ ಮೇ ನಾಲ್ಕರ ಸಂಜೆ ದೇಶದ ಕಿಟಕಿಗಳಲ್ಲೆಲ್ಲ ಮೇಣದಬತ್ತಿ ಹಚ್ಚುವಾಗ ಹಾರ್ಬೋ ಜನ ಸಭಾಮನೆಯಲ್ಲಿ ಸೇರ್ತಿದ್ದರು. ಥೋರ್ಕಿಲ್ ಆ ರೇಡಿಯೋವನ್ನ ಕಂಬಳಿ ಸುತ್ತಿ ತಂದು ಮೇಜಿನ ಮೇಲಿಡ್ತಿದ್ದ, ಕತೆ ಹೇಳ್ತಿದ್ದ. ಜನ ಅಳ್ತಿದ್ದರು. ವರ್ಷ ವರ್ಷ ಕಣ್ಣೊರೆಸಿ ಒಗೆದೂ ಒಗೆದೂ ಅಲ್ಲಿನ ಮೇಜುಬಟ್ಟೆಗಳು ಕುಗ್ಗಿಹೋಗಿ ಕೊನೆಗೆ ಹೊಸವು ತರಿಸಬೇಕಾಯ್ತು. ಥೋರ್ಕಿಲ್ ಬದುಕಿರೋವರೆಗೆ ಆ ಪೆಟ್ಟಿಗೆಯ ಬೆನ್ನಿನ ರಟ್ಟು ಬಿಚ್ಚೋಕೆ ಯಾರನ್ನೂ ಬಿಟ್ಟಿರಲಿಲ್ಲ. ಗಾಜಿನ ಬಲ್ಬಿನಂಥ ವಾಲ್ವಿರೋ ಹಳೇ ರೇಡಿಯೋ ಸರಿಮಾಡೋ ಹುಚ್ಚಿದ್ದ ಪ್ರೆಬೆನ್‌ನನ್ನೂ. ಹೊರಗಿಂದ ಮರದ ಕೆತ್ತನೆ ನೋಡಿಯೇ ಪ್ರೆಬೆನ್ ಇದು ಮೂವತ್ತೊಂಬತ್ತರ ಮಾಡೆಲ್ಲು ಅಂತ ತೀರ್ಪು ಕೊಟ್ಟಿದ್ದ. ಒಂದು ಸಲ ಸಭಾಮನೆಯಲ್ಲಿ ಭಾಷಣವೇ ಮಾಡಿದ್ದ, ಬೆರಳಿಂದ ಪೆಟ್ಟಿಗೆ ತಟ್ಟಿ, ಯುದ್ಧಕ್ಕೆ ಮುಂಚಿನ ವಾಲ್ನಟ್ ಮರದ ಸದ್ದೇ ಬೇರೆ ಅಂತ. ಹಿಂದಿನ ಸಾಲಿನಲ್ಲಿ ಯಾರೋ ನೋಟ್ಸ್ ಮಾಡ್ಕೊಂಡಿದ್ದರು. ಅದು ನೆನಪಾಗಿ ಈಗ ಅವನ ಕಿವಿ ಬಿಸಿಯಾಯ್ತು.

ಈ ಸಲ ಅರವತ್ತನೇ ವರ್ಷ. ಸ್ವಾತಂತ್ರ್ಯಕ್ಕೂ ಅರವತ್ತು, ಪ್ರೆಬೆನ್‌ಗೂ ಅರವತ್ತು. ಥೋರ್ಕಿಲ್ ತೀರಿಕೊಂಡು ಆರೇಳು ವರ್ಷವಾಗಿತ್ತು, ರೇಡಿಯೋ ಉಸಿರೆತ್ತದೆ ಅದಕ್ಕಿಂತ ಜಾಸ್ತಿಯೇ ಆಗಿತ್ತು. ಸಭಾಮನೆಯ ಅಧ್ಯಕ್ಷ ಹೋಲ್ಗರ್‌ಗೆ ಒಂದು ಯೋಜನೆ ಹೊಳೆಯಿತು. ರೇಡಿಯೋ ರಿಪೇರಿ ಮಾಡಿಸಿ, ಅದರ ಬೆನ್ನಲ್ಲಿ ಗ್ರಾಮಫೋನಿಗೆ ಅಂತ ಇರೋ ತೂತಿಗೆ ತಂತಿ ಕೊಟ್ಟು, ಆ ಸಂಜೆಯ ವಾರ್ತೆಯ ಧ್ವನಿಮುದ್ರಣವನ್ನ ಅದರ ಬಾಯಿಂದಲೇ ಹೊರಡಿಸೋದು. ಪಟ್ಟಣದ ಮ್ಯೂಸಿಯಮ್ಮಿನವರೂ ಬರ್ತಾರೆ, ಪರೀಕ್ಷೆ ಮಾಡಿ, ಅಲ್ಲೇ ಜನರ ಮುಂದೆ ರೇಡಿಯೋವನ್ನ ವಹಿಸ್ಕೊತಾರೆ. "ಬಿಚ್ಚೋಕೆ ನಿನ್ನ ಬಿಟ್ರೆ ಇನ್ಯಾರಿಗೆ ಹಕ್ಕಿದೆಯೋ? ಅದು ನಿನ್ನ ತೊಟ್ಟಿಲು ಇದ್ದ ಹಾಗೆ," ಅಂದಿದ್ದ ಹೋಲ್ಗರ್. ಪ್ರೆಬೆನ್ ಅದನ್ನ ತನ್ನ ಗ್ಯಾರೇಜಿಗೆ ತಂದು, ರಟ್ಟು ಬಿಚ್ಚಿ, ಟಾರ್ಚು ಬಿಟ್ಟ. ಮಾರ್ಚ್ ನಲವತ್ತೇಳು.

ಸ್ಪೀಕರು ಯಾವಾಗಲಾದರೂ ಹಾಳಾಗಿರಬಹುದು, ಬದಲಾಯಿಸಿರ್ತಾರೆ ಅಂದ್ಕೊಂಡ. ಅದರಲ್ಲಿ ವಿಶೇಷವೇನಿಲ್ಲ. ಭಾಗಗಳನ್ನೆಲ್ಲ ಕೂರಿಸಿರೋ ತಗಡಿನ ಚಾಸಿಯನ್ನ ಹೊರಗೆಳೆದು ತಿರುವಿ ಹಾಕಿದ. ಕರೆಂಟು ಹಿಡಿದಿಡೋ ದೊಡ್ಡ ಕಂಡೆನ್ಸರಿನ ತಗಡಿನ ಮೇಲೆ ನಲವತ್ತೇಳು. ಅದೂ ಬದಲಾಯಿಸಿರಬಹುದು. ಟ್ರಾನ್ಸ್‌ಫಾರ್ಮರಿನ ಕಾಗದದ ಮೇಲೆ ನಲವತ್ತೇಳು. ಮೇಣದ ಸಣ್ಣ ಕಂಡೆನ್ಸರುಗಳನ್ನ ಒಂದೊಂದಾಗಿ ಕನ್ನಡಕ ಏರಿಸಿ ನೋಡಿದ. ರೋಗಿಯ ಮೈಮೇಲೆ ಒಂದಾದರೂ ನೋಯದ ಜಾಗ ಹುಡುಕೋ ಡಾಕ್ಟರ ಹಾಗೆ ಒಂದಾದರೂ ಹಳೇ ಭಾಗ ಹುಡುಕಿದ. ಕೊನೆಗೆ ಚಾಸಿಯ ತಗಡಿನಲ್ಲೇ, ಕಾರ್ಖಾನೆಯವರು ಒತ್ತಿದ ಅದೇ ಅಂಕಿ. ಚಾಸಿ ಬದಲಾಯಿಸೋದು ಅಂದರೆ ಮನುಷ್ಯನಿಗೆ ಬೆನ್ನುಮೂಳೆ ಬದಲಾಯಿಸಿದ ಹಾಗೆ, ಯಾರೂ ಮಾಡಲ್ಲ. ಯುದ್ಧ ಮುಗಿದು ಎರಡು ವರ್ಷವಾದ ಮೇಲೆ ಹುಟ್ಟಿದ ರೇಡಿಯೋ ಇದು. ನನಗಿಂತ ಚಿಕ್ಕದು ಅಂತ ಮೊದಲು ಹೊಳೀತು ಅವನಿಗೆ. ನಾನು ಹುಟ್ಟಿದ್ದನ್ನ ನೋಡಿದ ಸಾಕ್ಷಿ ನಾನು ನಡೆಯೋಕೆ ಕಲಿತ ಮೇಲೆ ಹುಟ್ಟಿದೆ. ಶಾಲೆಯಲ್ಲಿ ಅವನು ಯಾವುದರಲ್ಲೂ ಮುಂದಿರಲಿಲ್ಲ, ಫುಟ್‌ಬಾಲಿನಲ್ಲಿ ಅವನನ್ನ ನಿಲ್ಲಿಸ್ತಿದ್ದದ್ದು ಚೆಂಡು ಬರದ ಜಾಗದಲ್ಲಿ, ಮದುವೆಯಲ್ಲಿ ಮಾವ ಅವನ ಹೆಸರನ್ನ ಎರಡು ಸಲ ತಪ್ಪು ಹೇಳಿದ್ದ. ಆದರೆ ವರ್ಷಕ್ಕೊಂದು ಸಂಜೆ ಇಡೀ ಊರು ಅವನ ಕಡೆ ತಿರುಗಿ ನೋಡಿ ಅಳ್ತಿತ್ತು. ಆ ಒಂದು ಸಂಜೆಯ ಬಾಡಿಗೆಯಲ್ಲೇ ಮಿಕ್ಕ ವರ್ಷ ಕಳೆದುಹೋಗ್ತಿತ್ತು.

ಉಲ್ಲಳನ್ನ ಇಳಿಸಿ ನೇರ ಬೋದಿಲ್ ಮನೆಗೆ ಹೋದ. ಬೋದಿಲ್ ಥೋರ್ಕಿಲ್‌ನ ಹೆಂಡತಿ, ಎಂಬತ್ತು ದಾಟಿದ್ದಳು. ಅಮ್ಮನ ಗೆಳತಿ ಆದ್ದರಿಂದ ಚಿಕ್ಕವನಿದ್ದಾಗಿಂದ ಚಿಕ್ಕಮ್ಮ ಅಂತಲೇ ಕರೀತಿದ್ದ. ಆ ಸಂಜೆ ಬಿಸಿನೀರು ಕಾಯಿಸಿ, ಕತ್ತರಿ ಕುದಿಸಿ, ಅವನನ್ನ ಭೂಮಿಗೆ ತಂದ ಕೈ ಅವಳದೇ. ಯಾರೇ ಬಂದರೂ ಅವಳ ಮೇಜಿಗೆ ಮೊದಲು ಬನ್ನು, ಆಮೇಲೆ ಸಕ್ಕರೆ ಉದುರಿಸಿದ ಕ್ರಿಂಗ್ಲೆ, ಆಮೇಲೆ ಕೇಕು, ಆಮೇಲೆ ಬಿಸ್ಕತ್ತು ಬರಬೇಕು. ಬಿಸ್ಕತ್ತು ಬರೋ ಮುಂಚೆ ವಿಷಯ ಎತ್ತೋದು ಮರ್ಯಾದೆಯಲ್ಲ. ಪ್ರೆಬೆನ್ ಬನ್ನಿಗೇ ಎತ್ತಿಬಿಟ್ಟ.

"ಚಿಕ್ಕಮ್ಮ, ಥೋರ್ಕಿಲ್ ಅದನ್ನ ಯಾವಾಗಾದ್ರೂ ರಿಪೇರಿಗೆ ಕೊಟ್ಟಿದ್ದನಾ?"

"ಅಂಗಡಿಯಿಂದ ಹೊಸದು ತಂದವನು ರಿಪೇರಿಗೆ ಯಾಕೋ ಕೊಡ್ತಾನೆ? ಬೆಣ್ಣೆ ಹಚ್ಕೋ, ಒಣಗಿದೆ ಅದು."

"ಯಾವಾಗ ತಂದದ್ದು?"

"ನಮ್ಮ ಲಿಸ್ ಹೊಟ್ಟೇಲಿದ್ಲು." ಅವಳು ಕಾಫಿ ಬಗ್ಗಿಸ್ತಿದ್ದಳು. "ನಲವತ್ತೆಂಟಿರಬೇಕು. ಹಳೇದನ್ನ ಕೋಳಿಗೂಡಿಗೆ ಹಾಕಿದ್ವಿ. ಒಂದು ಕರೀ ಕೋಳಿ ಅದರೊಳಗೇ ಮೊಟ್ಟೆ ಇಡ್ತಿತ್ತು, ಬೇರೆಲ್ಲೂ ಇಡ್ತಿರಲಿಲ್ಲ ಮುಂಡೇದು."

"ಹಾಗಾದ್ರೆ ಆ ಹಳೇದ್ರಲ್ಲಿ ಕೇಳಿದ್ದು, ವಾರ್ತೆ." ಹಳೇದ್ರಲ್ಲಾದರೂ ಕೇಳಿದ್ದರೆ ಸಾಕು. ಪೆಟ್ಟಿಗೆ ಬೇರೆಯಾದರೇನು, ಕತೆ ಉಳಿಯುತ್ತೆ.

"ಹಳೇದು ನೀನು ಹುಟ್ಟೋ ಹಿಂದಿನ ಕ್ರಿಸ್‌ಮಸ್‌ಗೆ ಮುಂಚೇನೇ ಸತ್ತಿತ್ತಲ್ಲೋ. ಯುದ್ಧದಲ್ಲಿ ವಾಲ್ವ್ ಎಲ್ಲಿ ಸಿಗ್ತಿತ್ತು? ಕಾಫಿ ಪುಡೀನೇ ಸಿಗ್ತಿರಲಿಲ್ಲ."

"ಮತ್ತೆ ಆ ಸಂಜೆ..."

"ಆ ಸಂಜೆ ನಿಮ್ಮಮ್ಮ ಕಿರುಚ್ತಿದ್ಲು. ರೇಡಿಯೋ ಬದುಕಿದ್ರೂ ಯಾರಿಗೆ ಕೇಳಿಸ್ತಿತ್ತು ಹೇಳು?"

ಕ್ರಿಂಗ್ಲೆ ಬಂತು. ಪ್ರೆಬೆನ್ ಒಂದು ತುಂಡು ತಿಂದ, ಯಾಕೆಂದರೆ ತಿನ್ನದಿದ್ದರೆ ಅವಳು ಏನಾಯ್ತು ಅಂತ ಕೇಳ್ತಾಳೆ. ಕಿಟಕಿಯಾಚೆ ಅವಳ ತೋಟದ ಕೊನೆಯಲ್ಲಿ ಕೋಳಿಗೂಡು ಇದ್ದ ಜಾಗದಲ್ಲಿ ಈಗ ಬಟ್ಟೆ ಒಣಹಾಕೋ ಕಂಬ ಇತ್ತು. ಥೋರ್ಕಿಲ್ ಯಾಕೆ ಹಾಗೆ ಹೇಳಿದ ಅಂತ ಕೇಳಬೇಕಿತ್ತು, ಅವಳೇ ಹೇಳಿದಳು. ಥೋರ್ಕಿಲ್‌ನ ನಲವತ್ತನೇ ಹುಟ್ಟುಹಬ್ಬದ ಊಟದಲ್ಲಿ ಯಾರೋ ಕೇಳಿದರಂತೆ, ಆ ಸಂಜೆ ನೀವೆಲ್ಲಿದ್ರಿ ಅಂತ. ಅವನು ಹೇಳೋಕೆ ಶುರು ಮಾಡಿದ. "ನಾನು ಕೇಕು ಕತ್ತರಿಸ್ತಿದ್ದೆ. ತಲೆ ಎತ್ತಿ ನೋಡ್ದಾಗ ಎಲ್ರೂ ಅಳ್ತಿದ್ರು. ನಿಮ್ಮಮ್ಮ ಎಲ್ಲರಿಗಿಂತ ಜಾಸ್ತಿ. ಅಳ್ತಿರೋ ಜನರನ್ನ ತಿದ್ದೋಕಾಗುತ್ತೇನೋ? ಮುಂದಿನ ವರ್ಷ ಮತ್ತೆ ಹೇಳು ಅಂದ್ರು. ಆಮೇಲೆ ರೇಡಿಯೋ ತಗೊಂಡು ಬಾ ಅಂದ್ರು. ಮನೇಲಿ ಇದ್ದದ್ದು ಅದೊಂದೇ."

"ನೀವು ಇಷ್ಟು ವರ್ಷ..."

"ಮುಂದಿನ ಸಾಲಲ್ಲಿ ಕಣ್ಣು ಮುಚ್ಚಿ ಕೂತ್ಕೊಂಡ್ರೆ ಯಾರೂ ಏನೂ ಕೇಳಲ್ಲ. ಪಾಪ, ನೆನಪು ಮಾಡ್ಕೊತಿದಾಳೆ ಅಂತಾರೆ."

ಈಗ ಅವಳು ಬೇಡ್ಕೊತಾಳೆ ಅಂತ ಪ್ರೆಬೆನ್ ಕಾದ. ಯಾರಿಗೂ ಹೇಳಬೇಡ ಮರಿ, ಸತ್ತವನ ಮರ್ಯಾದೆ ತೆಗೀಬೇಡ ಅಂತ. ಅವಳು ಹಾಗೆ ಬೇಡಿದರೆ ತಾನು ಒಂದು ನಿಟ್ಟುಸಿರು ಬಿಟ್ಟು, ಅವಳ ಕೈ ಹಿಡಿದು, ಆಗಲಿ ಚಿಕ್ಕಮ್ಮ ಅನ್ನಬಹುದು. ಸುಳ್ಳನ್ನ ಅವಳಿಗೋಸ್ಕರ ಹೊತ್ತ ಹಾಗಾಗುತ್ತೆ. ಕಾರಿನಲ್ಲಿ ಬರುವಾಗ ಆ ನಿಟ್ಟುಸಿರನ್ನ ಎಷ್ಟು ಉದ್ದ ಬಿಡಬೇಕು ಅನ್ನೋದನ್ನೂ ಯೋಚಿಸಿಟ್ಟಿದ್ದ. ಬೋದಿಲ್ ಬಿಸ್ಕತ್ತಿನ ಡಬ್ಬಿ ಮುಚ್ಚಳ ತೆಗೆಯೋಕೆ ಹೆಣಗ್ತಿದ್ದಳು.

"ಏನು ಮಾಡ್ಲಿ ಹೇಳಿ ಚಿಕ್ಕಮ್ಮ," ಅಂದ ಕೊನೆಗೆ ಅವನೇ.

"ನನ್ನ ಕೇಳ್ಬೇಡಪ್ಪ. ಅದು ನಿಮ್ಮ ಗಂಡಸರ ರೇಡಿಯೋ. ನಾನು ಅದರ ಧೂಳು ಒರೆಸಿದ್ದು, ಅಷ್ಟೇ. ಇದನ್ನ ತೆಗೆದುಕೊಡು, ಬಿಗಿಯಾಗಿದೆ."

ಮುಚ್ಚಳ ತೆಗೆದುಕೊಟ್ಟು ಮನೆಗೆ ಬಂದ.

ರೇಡಿಯೋ ಸರಿಮಾಡೋರಲ್ಲಿ ಒಂದು ಪದ್ಧತಿ ಇದೆ. ಹಳೇ ಮೇಣದ ಕಂಡೆನ್ಸರನ್ನ ಕಿತ್ತು ಬಿಸಾಕಿ ಹೊಸದು ಹಾಕಿದರೆ ಕೆಲಸವೇನೋ ಆಗುತ್ತೆ, ಆದರೆ ರಟ್ಟು ಬಿಚ್ಚಿ ನೋಡಿದವನಿಗೆ ಅಜ್ಜನ ಬಾಯಲ್ಲಿ ಪ್ಲಾಸ್ಟಿಕ್ ಹಲ್ಲು ಕಂಡ ಹಾಗಿರುತ್ತೆ. ಅದಕ್ಕೆ ಹಳೇದರ ಮೇಣ ಕರಗಿಸಿ, ಒಳಗಿನ ಕಾಗದದ ಸುರುಳಿ ಎಳೆದು ತೆಗೆದು, ಖಾಲಿ ಕೊಳವೆಯೊಳಗೆ ಉಗುರಿನಷ್ಟು ಹೊಸ ಕಂಡೆನ್ಸರ್ ಕೂರಿಸಿ, ಮತ್ತೆ ಅದೇ ಮೇಣ ಹೊಯ್ತಾರೆ. ಹೊರಗೆ ಹಳೇದು, ಒಳಗೆ ಹೊಸದು. ಇದರಲ್ಲಿ ಪ್ರೆಬೆನ್‌ನದು ಎತ್ತಿದ ಕೈ. ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಬಿಚ್ಚಿದ ರೇಡಿಯೋಗಳ ಧೂಳನ್ನ ಬ್ರಷ್ಷಿನಿಂದ ಗುಡಿಸಿ ಹೆರಿಂಗ್ ಮೀನಿನ ಖಾಲಿ ಡಬ್ಬಿಯಲ್ಲಿ ತುಂಬಿಡ್ತಿದ್ದ, ಕೆಲಸ ಮುಗಿದ ಮೇಲೆ ಮತ್ತೆ ಉದುರಿಸೋಕೆ. ಒಂದು ಸಲ ಅವನ ಹೆಂಡತಿ ಗ್ರೇಟೆ ಆ ಡಬ್ಬಿಯನ್ನ ದಾಲ್ಚಿನ್ನಿ ಪುಡಿ ಅಂದ್ಕೊಂಡು ಅನ್ನದ ಗಂಜಿ ಮೇಲೆ ಉದುರಿಸಿ ಬಡಿಸಿದ್ದಳು. ಅವಳ ತಾಯಿ ಎರಡನೇ ಸಲ ಹಾಕಿಸ್ಕೊಂಡು ತಿಂದು, ಎಲ್ಲಿ ಸಿಗುತ್ತೆ ಇದು ಅಂತ ಕೇಳಿದ್ದಳು.

ಮೊದಲು ರೇಡಿಯೋ ಮಾತಾಡಲಿ ಅಂತ ಪ್ರಾಮಾಣಿಕ ಕೆಲಸ ಮಾಡಿದ. ಕಂಡೆನ್ಸರುಗಳನ್ನ ತುಂಬಿಸಿದ, ಬಿಟ್ಟುಹೋದ ಬೆಸುಗೆ ಹಾಕಿದ, ಒಂದು ವಾಲ್ವ್ ಬದಲಿಸಿದ. ಸ್ವಿಚ್ಚು ಹಾಕಿ ಕಾದ. ವಾಲ್ವುಗಳು ಕೆಂಪಗೆ ಬೆಚ್ಚಗಾದವು. ಸುಟ್ಟ ಧೂಳಿನ ವಾಸನೆ ಬಂತು, ಅವನಿಗೆ ಈ ಲೋಕದಲ್ಲಿ ಎಲ್ಲಕ್ಕಿಂತ ಇಷ್ಟವಾದ ವಾಸನೆ. ಆಮೇಲೆ ಸ್ಪೀಕರ್ ಒಮ್ಮೆ ಕೆಮ್ಮಿ, ಯಾರೋ ಹೆಂಗಸು ಆಲೂಗಡ್ಡೆ ರೋಗದ ಬಗ್ಗೆ ಮಾತಾಡೋದು ಕೇಳಿಸ್ತು. ಬೇರೆ ಯಾವ ದಿನವಾದರೂ ಗ್ರೇಟೆಯನ್ನ ಕೂಗಿ ಕರೀತಿದ್ದ. ಇವತ್ತು ಆಲೂಗಡ್ಡೆ ಹೆಂಗಸಿನ ಬಾಯಿ ಮುಚ್ಚಿಸಿ, ಕಪಾಟಿನಿಂದ ಒಂದು ಹಾಳಾದ ರೇಡಿಯೋದ ಅವಶೇಷ ಇಳಿಸಿದ. ಮೂವತ್ತೆಂಟನೇ ಇಸವಿಯದು. ಅದರ ಸ್ಪೀಕರ್ ಬಿಚ್ಚಿ ಇದಕ್ಕೆ ಕೂರಿಸಿದ. ಅದರ ತಗಡು, ಅದರ ಕಾಗದ, ಅದರ ಮೇಣದ ಕೊಳವೆಗಳು. ಚಾಸಿ ಮೇಲಿನ ಅಂಕಿಯನ್ನ ಉಜ್ಜುಕಾಗದದಿಂದ ಉಜ್ಜಿದ. ಉಜ್ಜಿದ ಜಾಗ ಹೊಳೀತು, ಅದರ ಮೇಲೆ ಕಾಫಿಯ ಗಸಿ ಬಳಿದ. ಕೈ ತನ್ನಷ್ಟಕ್ಕೆ ಕೆಲಸ ಮಾಡ್ತಿತ್ತು, ತಲೆ ಬೇರೆಲ್ಲೋ ಇತ್ತು. ತಲೆ ಅಂದ್ಕೊತಿತ್ತು, ಇದು ಬೋದಿಲ್‌ಗೋಸ್ಕರ. ಇನ್ನೊಂದು ಗಳಿಗೆ, ಇದು ಊರಿಗೋಸ್ಕರ. ಬೋದಿಲ್ ಬೇಡಿದ್ದಳಾ? ಇಲ್ಲ. ಊರು? ಊರಿಗೆ ಗೊತ್ತೇ ಇಲ್ಲ. ಅಮ್ಮನಿಗೆ ಗೊತ್ತಿತ್ತು ಅನ್ನೋದು ಆಗ ಹೊಳೆದು ಅವನ ಕೈ ನಿಂತಿತು. ಅಮ್ಮ ಅಲ್ಲೇ ಇದ್ದವಳು. ರೇಡಿಯೋ ಮಾತಾಡಲಿಲ್ಲ ಅನ್ನೋದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಪ್ರತಿ ಮೇ ತಿಂಗಳಲ್ಲಿ ಸೊಂಟ ಹಿಡ್ಕೊಂಡು ನಕ್ಕಳು, ಎಲ್ಲರಿಗಿಂತ ಜಾಸ್ತಿ ಅತ್ತಳು. ಮಗ ಚೆಂಡು ಬರದ ಜಾಗದಲ್ಲಿ ನಿಲ್ಲೋನು ಅಂತ ಅವಳಿಗೂ ಗೊತ್ತಿತ್ತೇನೋ. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಬಾಗಿಲಲ್ಲಿ ಗ್ರೇಟೆ ನಿಂತಿದ್ದಳು. ಎಷ್ಟು ಹೊತ್ತಿಂದ ಅಂತ ಅವಳ ಮುಖ ಹೇಳಲಿಲ್ಲ.

"ಏನು ಮಾಡ್ತಿದೀಯ?"

"ರಿಪೇರಿ."

"ಮಾತಾಡ್ತಿತ್ತಲ್ಲ ಆಗ್ಲೇ? ನನಗೆ ಅಡುಗೆಮನೆಗೇ ಕೇಳಿಸ್ತು, ಆಲೂಗಡ್ಡೆ ಅಂತ."

"ಸ್ವಲ್ಪ ಬಾಕಿ ಇದೆ."

ಅವಳು ಬಂದು ಬೆಂಚಿನ ಮೇಲಿದ್ದ ಎರಡು ಸ್ಪೀಕರುಗಳನ್ನ ನೋಡಿದಳು, ಉಜ್ಜುಕಾಗದ ನೋಡಿದಳು, ಕಾಫಿ ಗಸಿ ನೋಡಿದಳು. "ರಿಪೇರಿ ಮಾಡ್ತಿರೋ ಮುಖ ಅಲ್ಲ ಇದು," ಅಂದು, ಗಸಿಯ ಬಟ್ಟಲು ಎತ್ಕೊಂಡು ಹೋದಳು. ಅದು ಅವಳ ಒಳ್ಳೇ ಬಟ್ಟಲಾಗಿತ್ತು.

ಪ್ರೆಬೆನ್ ಧೂಳಿನ ಡಬ್ಬಿ ತೆಗೆದು, ಜರಡಿಯಲ್ಲಿ ಹಿಟ್ಟು ಉದುರಿಸೋ ಹಾಗೆ ಎಲ್ಲ ಕಡೆ ಉದುರಿಸಿದ. ಮೂಲೆಗಳಲ್ಲಿ ಜಾಸ್ತಿ. ಮೂಲೆಯಲ್ಲಿ ಕಡಿಮೆ ಧೂಳಿದ್ದರೆ ತಿಳಿದವರಿಗೆ ಅನುಮಾನ ಬರುತ್ತೆ.

ಮೇ ನಾಲ್ಕರಂದು ಸಭಾಮನೆ ತುಂಬಿತ್ತು. ಕಿಟಕಿಗಳಲ್ಲಿ ಬತ್ತಿಗಳಿದ್ದವು, ಹೊರಗಿನ ಬೆಳಕು ಇನ್ನೂ ಹೋಗದೆ ಇದ್ದುದರಿಂದ ಉರೀತಿವೆಯೋ ಇಲ್ಲವೋ ಅಂತ ಹತ್ತಿರ ಹೋಗಿ ನೋಡಬೇಕಿತ್ತು. ಬಾಗಿಲ ಹತ್ತಿರ ಹುಟ್ಟುಹಬ್ಬಕ್ಕೆ ಅಂತ ಸಣ್ಣ ಸಣ್ಣ ಬಾವುಟ ಚುಚ್ಚಿದ ಕೇಕು. ಬಾವುಟಗಳು ಪ್ರೆಬೆನ್‌ಗೋ ದೇಶಕ್ಕೋ ಅನ್ನೋದು ಯಾವ ವರ್ಷವೂ ಇತ್ಯರ್ಥವಾಗಿರಲಿಲ್ಲ. ಬೋದಿಲ್ ಮುಂದಿನ ಸಾಲಿನಲ್ಲಿ, ಕಡುನೀಲಿ ಉಡುಪಿನಲ್ಲಿ, ಕೈಚೀಲ ತೊಡೆ ಮೇಲಿಟ್ಟು ಕೂತಿದ್ದಳು. ಮ್ಯೂಸಿಯಮ್ಮಿನ ರಾಗ್ನಾ ಅನ್ನೋ ಹೆಂಗಸು ಬಿಳೀ ಕೈಗವಸು ತೊಟ್ಟು, ರಟ್ಟು ಬಿಚ್ಚಿ, ಟಾರ್ಚು ಬಿಟ್ಟು, ಬಹಳ ಹೊತ್ತು ತಲೆ ಒಳಗಿಟ್ಟಿದ್ದಳು. ಹಿಂದಿನಿಂದ ಯಾರೋ "ಒಳಗೆ ಊಟ ಇದೆಯಾ?" ಅಂದರು. ಪ್ರೆಬೆನ್‌ಗೆ ಅವಳ ತಲೆ ಒಳಗಿರೋವಷ್ಟು ಹೊತ್ತು ಇನ್ನೂ ಸಿಕ್ಕಿಬೀಳೋ ಒಂದು ಆಸೆ ಇತ್ತು. ಸಿಕ್ಕಿಬಿದ್ದರೆ ನಾನು ಹೇಳಬೇಕಾಗಿಲ್ಲ.

ಅವಳು ತಲೆ ಹೊರಗೆ ತೆಗೆದಾಗ ಮೂಗಿನ ತುದಿಯಲ್ಲಿ ಧೂಳಿತ್ತು. "ಸ್ಪೀಕರ್ ಮೂವತ್ತೆಂಟನೇ ಇಸವಿಯದು," ಅಂದಳು ಎಲ್ಲರಿಗೂ ಕೇಳೋ ಹಾಗೆ. "ಮಿಕ್ಕಿದ್ದೂ ಆಗಿನದೇ. ಇಷ್ಟು ಯಾರೂ ಕೈ ಹಾಕದ ರೇಡಿಯೋ ನಾನು ನೋಡೇ ಇಲ್ಲ. ಧೂಳು ಕೂಡ ಆಗಿನದೇ ಅನ್ಸುತ್ತೆ." ಜನ ಚಪ್ಪಾಳೆ ತಟ್ಟಿದರು. ಧೂಳಿಗೆ ಚಪ್ಪಾಳೆ ಬಿದ್ದದ್ದು ಹಾರ್ಬೋದಲ್ಲಿ ಅದೇ ಮೊದಲು. ಇದನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡ್ತೀವಿ ಅಂದಳು ರಾಗ್ನಾ, ಪ್ರತಿ ವರ್ಷ ಈ ದಿನ ಬೋದಿಲ್ ಅವರನ್ನ ಗಾಡಿ ಕಳಿಸಿ ಕರೆ ತರಿಸ್ತೀವಿ, ಶಾಲೆ ಮಕ್ಕಳಿಗೆ ಅವರೇ ಆ ಕತೆ ಹೇಳಬೇಕು.

ಬೋದಿಲ್ ಆಗಲಿ ಅಂತ ತಲೆಯಾಡಿಸಿದಳು. ತಲೆಯಾಡಿಸಿ ಕಣ್ಣು ಮುಚ್ಚಿದಳು. ಮುಚ್ಚಿದ ಆ ಕಣ್ಣನ್ನ ಪ್ರೆಬೆನ್ ಎಷ್ಟೋ ವರ್ಷದಿಂದ ನೋಡಿದ್ದ, ಇವತ್ತು ಮಾತ್ರ ಅದು ಅಂಗಡಿ ಬಾಗಿಲು ಎಳೆದ ಹಾಗೆ ಕಾಣಿಸ್ತು. ಇಷ್ಟು ದಿನ ಬರೀ ಸುಮ್ಮನಿರಬೇಕಿತ್ತು ಅವಳು. ಇನ್ನು ಮೇಲೆ ಹೇಳಬೇಕು, ಬಾಯಿ ಬಿಟ್ಟು, ಮಕ್ಕಳಿಗೆ. ಅವಳ ಮೇಲೆ ಅದನ್ನ ಹೊರಿಸ್ತಿರೋದು ಥೋರ್ಕಿಲ್ ಅಲ್ಲ, ಅವನು ಸತ್ತಿದಾನೆ. ಹೊರಿಸ್ತಿರೋದು ಉಜ್ಜುಕಾಗದ ಹಿಡಿದವನು. ಹೋಲ್ಗರ್ ಧ್ವನಿಮುದ್ರಣದ ಯಂತ್ರದ ಗುಂಡಿ ಮೇಲೆ ಬೆರಳಿಟ್ಟು, ಪ್ರೆಬೆನ್ ಕಡೆ ತಿರುಗಿ ಹುಬ್ಬು ಹಾರಿಸಿದ, ಎರಡು ಮಾತಾಡು ಅಂತ. ಪ್ರೆಬೆನ್ ಎದ್ದ.

"ಇದು ನಲವತ್ತೇಳರ ರೇಡಿಯೋ," ಅಂದ.

ಜನ ನಕ್ಕರು. ಪ್ರೆಬೆನ್ ಮುಖ ಗಂಟು ಹಾಕ್ಕೊಂಡು ತಮಾಷೆ ಮಾಡೋನು ಅಂತ ಊರಿಗೇ ಗೊತ್ತು.

"ನಿಜ. ಯುದ್ಧ ಮುಗಿದ ಮೇಲಿನದು. ಆ ಸಂಜೆ ಇದು ಹುಟ್ಟೇ ಇರಲಿಲ್ಲ. ನಾನು ಇದಕ್ಕಿಂತ ದೊಡ್ಡೋನು."

ಇನ್ನೂ ಜೋರಾಗಿ ನಕ್ಕರು. "ಕೇಕು ಕತ್ತರಿಸೋ ಮೊದಲೇ ಕುಡಿದಿದಾನೆ ಕಣ್ರೋ," ಅಂದ ಹೋಲ್ಗರ್. ರಾಗ್ನಾ ನಗಲಿಲ್ಲ. ಅವಳು ದಯೆಯಿಂದ ಅವನ ತೋಳು ಮುಟ್ಟಿ, "ಇಲ್ಲ, ನಿಮಗೆ ಗೊಂದಲ ಆಗಿರಬೇಕು. ನಾನೇ ನೋಡಿದೆನಲ್ಲ, ಸ್ಪೀಕರ್ ಮೂವತ್ತೆಂಟು," ಅಂದಳು.

"ಅದು ನಾನು ಹೋದ ವಾರ ಹಾಕಿದ್ದು."

"ಧೂಳು?"

"ಅದೂ ನಾನೇ ಹಾಕಿದ್ದು. ಡಬ್ಬೀಲಿಟ್ಟಿದ್ದೆ."

ಈಗ ಕೆಲವರು ಕಣ್ಣೊರೆಸ್ಕೊಂಡು ನಗ್ತಿದ್ದರು. ಗ್ರೇಟೆ ನಗ್ತಿರಲಿಲ್ಲ, ತೊಡೆ ಮೇಲಿದ್ದ ಕೈ ನೋಡ್ಕೊಂಡು ಕೂತಿದ್ದಳು. ಇದ್ದ ಸಾಕ್ಷಿಯನ್ನ ಪ್ರೆಬೆನ್ ಕಾಫಿ ಗಸಿಯಲ್ಲಿ ಮುಚ್ಚಿದ್ದ. ಇನ್ನು ಅವನ ಬಾಯಿ ಒಂದೇ ಉಳಿದಿತ್ತು, ಆ ಬಾಯನ್ನ ನಂಬೋ ಹಾಗೆ ಅವನೇ ಈ ಊರಿಗೆ ಕಲಿಸಿರಲಿಲ್ಲ. ಕೂತುಬಿಡಬಹುದಿತ್ತು. ಕೂತಿದ್ದರೆ ಅದು ಈ ವರ್ಷದ ಒಳ್ಳೇ ತಮಾಷೆ ಅಂತ ಆಗಿಹೋಗ್ತಿತ್ತು. ಅವನು ಕೂರಲಿಲ್ಲ. ಅರವತ್ತು ವರ್ಷದ ಗಂಡಸು ಬಾವುಟ ಚುಚ್ಚಿದ ಕೇಕಿನ ಪಕ್ಕ ಕೈ ಇಳಿಬಿಟ್ಟು ನಿಂತಿದ್ದ. ನಗು ಒಂದೊಂದೇ ಸಾಲಿನಿಂದ ಕಡಿಮೆಯಾಗ್ತಾ ಬಂತು.

ಕೈಚೀಲದ ಕೊಂಡಿ ಹಾಕಿದ ಸದ್ದಾಯ್ತು. ಬೋದಿಲ್ ಕಣ್ಣು ತೆರೆದಿದ್ದಳು.

"ಅವನು ಹೇಳ್ತಿರೋದು ನಿಜ," ಅಂದಳು, ಕೂತಲ್ಲಿಂದಲೇ. "ಆಗ ನಮ್ಮನೇಲಿ ಇದ್ದದ್ದು ಬೇರೆ ರೇಡಿಯೋ, ಅದೂ ಸತ್ತಿತ್ತು. ನಾವು ಯಾವ ವಾರ್ತೇನೂ ಕೇಳ್ಲಿಲ್ಲ."

ಆ ಸಂಜೆ ಆ ಕೋಣೆಯಲ್ಲಿ ತಾವೂ ಇದ್ದೆವು ಅಂತ ಹೇಳ್ತಾ ಬಂದಿದ್ದ ಮುದುಕರು ನೆಲ ನೋಡೋಕೆ ಶುರುಮಾಡಿದರು.

"ಹಾಗಾದ್ರೆ ಹೇಗೆ ಗೊತ್ತಾಯ್ತು ನಿಮಗೆ?" ಅಂದ ಹೋಲ್ಗರ್. ಅವನ ಧ್ವನಿ ಚಿಕ್ಕ ಹುಡುಗನದಾಗಿತ್ತು.

"ಬೇಕರಿಯವನ ಹೆಂಡ್ತಿ ಓಡಿ ಬಂದ್ಲು. ಮರದ ಮೆಟ್ಟು ಕೂಡ ಕಳಚದೆ ಒಳಗೇ ನುಗ್ಗಿದ್ಲು, ಟಕಟಕ ಅಂತ, ಮುಗೀತು, ಮುಗೀತು, ಜರ್ಮನರು ಸೋತ್ರು ಅಂತ ಕೂಗ್ತಾ. ಈ ಮಗು ಆಗಷ್ಟೇ ಬಂದಿತ್ತು. ಅತ್ತೂ ಅತ್ತೂ ಸುಸ್ತಾಗಿ ನಿದ್ದೆ ಹೋಗಿತ್ತು. ನಾವು ಮೂರೂ ಜನ ಅವಳಿಗೆ, ಶ್, ಬಾಗಿಲು ಹಾಕೇ, ಮಗು ಮಲಗಿದೆ, ಅಂದ್ವಿ." ಅವಳು ಸ್ವಲ್ಪ ಯೋಚಿಸಿದಳು. "ಅವಳು ಬಾಗಿಲು ಹಾಕ್ಕೊಂಡು ಹೋದ್ಲು ಪಾಪ. ಬಹಳ ಹೊತ್ತಾದ ಮೇಲೆ ಥೋರ್ಕಿಲ್ ಕೇಳ್ದ, ಏನೋ ಅಂದ್ಲಲ್ಲ ಅವಳು, ಏನದು ಅಂತ."

ಪ್ರೆಬೆನ್ ನಿಂತೇ ಇದ್ದ. ಕೂರಬೇಕು ಅನ್ನೋದು ಮರೆತುಹೋಗಿತ್ತು. ರಾಗ್ನಾ ಕೈಗವಸು ಕಳಚಿ ಜೇಬಿಗೆ ಹಾಕ್ಕೊಂಡಳು. ಹೋಲ್ಗರ್‌ನ ಬೆರಳು ಮಾತ್ರ ಇನ್ನೂ ಗುಂಡಿ ಮೇಲೇ ಇತ್ತು, ಅವನು ಸುತ್ತ ಎಲ್ಲರ ಮುಖ ನೋಡಿದ, ಕೇಕು ನೋಡಿದ, ರೇಡಿಯೋ ನೋಡಿದ.

"ಹಾಗಾದ್ರೆ ಇದನ್ನ ಹಾಕ್ಲೋ ಬೇಡ್ವೋ?"

"ಹಾಕೋ ಮಾರಾಯ, ಕಾಫಿ ಆರ್ತಾ ಇದೆ," ಅಂದಳು ಬೋದಿಲ್.

ಹಾಕಿದ. ರೇಡಿಯೋ ಬೆಚ್ಚಗಾಗಿತ್ತು, ಧ್ವನಿ ಚೆನ್ನಾಗಿ ಬಂತು, ಆ ಮೂವತ್ತೆಂಟರ ಸ್ಪೀಕರು ನಲವತ್ತೇಳರದಕ್ಕಿಂತ ಎಷ್ಟೋ ವಾಸಿ. ವಾರ್ತೆ ಓದೋನು ನಿಲ್ಲಿಸಿದ. ಮೌನ ಬಂತು. ಪ್ರತಿ ವರ್ಷ ಇದೇ ಧ್ವನಿಮುದ್ರಣವನ್ನ ಬೇರೆ ಯಂತ್ರದಲ್ಲಿ ಹಾಕಿದಾಗ, ಈ ಮೌನದಲ್ಲಿ ಪ್ರೆಬೆನ್ ಒಂದು ಮಗುವಿನ ಅಳು ಕೇಳೋಕೆ ಕಿವಿ ನಿಮಿರಿಸಿ ಕೂರ್ತಿದ್ದ, ಮುಂದಿನ ಮಾತು ಬರೋ ಹೊತ್ತಿಗೆ ಕಣ್ಣು ತುಂಬಿ, ಜನ ತನ್ನ ಕಡೆ ತಿರುಗಿದ್ದು ಗೊತ್ತಾಗಿ, ಕಿವಿಗೆ ಬೇರೇನೂ ಬೀಳ್ತಿರಲಿಲ್ಲ. ಇವತ್ತು ಯಾರೂ ತಿರುಗಲಿಲ್ಲ. ಎಲ್ಲರೂ ಪೆಟ್ಟಿಗೆ ನೋಡ್ತಿದ್ದರು. ಓದೋನು ಗಂಟಲು ಸರಿಮಾಡ್ಕೊಂಡು, ಹಾಲೆಂಡಿನಲ್ಲಿ, ಜರ್ಮನಿಯ ವಾಯವ್ಯದಲ್ಲಿ, ಡೆನ್ಮಾರ್ಕಿನಲ್ಲಿ ಇರೋ ಜರ್ಮನ್ ಸೈನ್ಯ ಶರಣಾಗಿದೆ ಅಂದ.

ಹಾಲೆಂಡೂ ಇದೆಯಲ್ಲ ಇದರಲ್ಲಿ, ಅಂದ್ಕೊಂಡ ಪ್ರೆಬೆನ್. ಹಾಲೆಂಡಿನ ಹೆಸರೇ ಮೊದಲು ಇದೆ.